ಅರ್ಧ ಪೆಟ್ಟಿಗೆ ಖಾಲಿ ಇರಲಿ: ಕ್ಯೋಟೊಗೆ ಹೊರಟವಳಿಗೆ ದೊಡ್ಡಮ್ಮನ ಕಿವಿಮಾತು

ಪುಟ್ಟೀ,

ನವೆಂಬರ್ 21ರಿಂದ 25ರವರೆಗೆ ನೀನು, ಅಳಿಯಂದಿರು, ನಿಮ್ಮತ್ತೆಯವರು ಮೂವರೂ ಕ್ಯೋಟೊದಲ್ಲಿರುತ್ತೀರಿ ಅಂತ ನಿಮ್ಮಮ್ಮ ಹೇಳಿದಳು. ನೀನು ಕಳಿಸಿದ ಪಟ್ಟಿಯನ್ನೂ ನೋಡಿದೆ. ನೋಡುವ ಜಾಗ ಇಪ್ಪತ್ತೆರಡು, ತರುವ ಸಾಮಾನು ಮೂವತ್ತನಾಲ್ಕು! ಮಗ ಅಲ್ಲಿದ್ದಾಗ ಎರಡು ಸಲ ಹೋಗಿ, ಒಟ್ಟು ನಾಲ್ಕು ತಿಂಗಳು ಇದ್ದು ಬಂದ ನಾನೇ ಆ ಇಪ್ಪತ್ತೆರಡನ್ನೂ ನೋಡಿಲ್ಲ. 794ರಿಂದ 1868ರವರೆಗೆ, ಸಾವಿರ ವರ್ಷಕ್ಕೂ ಮೀರಿ ರಾಜಧಾನಿಯಾಗಿದ್ದ ಊರು ಅದು. ಐದು ದಿನಕ್ಕೆ ಮುಗಿಯುವಂಥದ್ದಲ್ಲ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ: ಎರಡು ಪಟ್ಟಿಯಲ್ಲೂ ಅರ್ಧ ಹೊಡೆದುಹಾಕು, ಪೆಟ್ಟಿಗೆಯನ್ನೂ ಅರ್ಧವೇ ತುಂಬು. ಮಿಕ್ಕಿದ್ದನ್ನು ಕೆಳಗೆ ಒಂದೊಂದಾಗಿ ಬರೆದಿದ್ದೇನೆ. ಪ್ರಿಂಟ್ ತೆಗೆದು ಕೈಚೀಲದಲ್ಲಿ ಇಟ್ಟುಕೋ.

ಹೊರಡುವ ಮುಂಚೆ

• ಆ ಹೊತ್ತಿಗೆ ಅಲ್ಲಿ ಬೆಳಿಗ್ಗೆ ಆರೇಳು ಡಿಗ್ರಿ ಚಳಿ. ಒಂದು ದಪ್ಪ ಕೋಟಿಗಿಂತ ಒಳಗೆ ಎರಡು ತೆಳು ಉಣ್ಣೆ ಬಟ್ಟೆ ಮೇಲು. ಅಂಗಡಿ, ರೈಲು ಎಲ್ಲಾ ಬೆಚ್ಚಗಿರುವುದರಿಂದ ಹಾಕುವುದು ಬಿಚ್ಚುವುದು ಇದ್ದೇ ಇರುತ್ತದೆ.

• ಲೇಸ್ ಕಟ್ಟುವ ಶೂ ಬೇಡ. ದೇವಸ್ಥಾನ, ಹಳೇ ಮನೆ, ಕೆಲವು ಹೋಟೆಲು ಅಂತ ದಿನಕ್ಕೆ ಏಳೆಂಟು ಸಲ ಬಿಚ್ಚಬೇಕು. ಕಾಲುಚೀಲದಲ್ಲಿ ತೂತಿಲ್ಲದಿರಲಿ. ತತಾಮಿ ಚಾಪೆಯ ಮೇಲೆ ಮನೆಯೊಳಗಿನ ಚಪ್ಪಲಿಯನ್ನೂ ಹಾಕುವ ಹಾಗಿಲ್ಲ. ಬಚ್ಚಲಿಗೆ ಬೇರೆ ಚಪ್ಪಲಿ ಇಟ್ಟಿರುತ್ತಾರೆ. ಅದನ್ನು ಮೆಟ್ಟಿಕೊಂಡೇ ಊಟದ ಕೋಣೆಗೆ ಬಂದು ನಾನು ನಗೆಪಾಟಲಾದದ್ದು ನಿನಗೆ ಬೇಡ.

• ಅಲ್ಲಿ ಕರೆಂಟು 100 ವೋಲ್ಟ್. ಪ್ಲಗ್ಗಿಗೆ ಎರಡು ಚಪ್ಪಟೆ ಕಡ್ಡಿ. ನಮ್ಮ ಮೂರು ಗುಂಡು ಕಡ್ಡಿಯದು ಹೋಗುವುದಿಲ್ಲ. ಅಡಾಪ್ಟರ್ ಇಲ್ಲಿಂದಲೇ ತೆಗೆದುಕೊಂಡು ಹೋಗು.

• ಚಟ್ನಿಪುಡಿ, ಹುರಿದ ಅವಲಕ್ಕಿ, ಗೊಜ್ಜಿನ ಪುಡಿ ಧಾರಾಳವಾಗಿ ಇಟ್ಟುಕೋ. ಹಸಿ ಕರಿಬೇವು, ನಿಂಬೆಹಣ್ಣು, ಬಾಳೆಹಣ್ಣು ಮಾತ್ರ ಬೇಡ. ಹಸಿ ಸೊಪ್ಪು ಹಣ್ಣಿಗೆ ರೋಗವಿಲ್ಲವೆಂಬ ಸರ್ಕಾರಿ ಪತ್ರ ಕೇಳುತ್ತಾರೆ, ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ.

ಓಡಾಟ

• ದಾರಿ ತಪ್ಪಿದರೆ ಗಾಬರಿಯಾಗಬೇಡ. ಊರು ಚೌಕಾಬಾರದ ಮನೆಯ ಹಾಗೆ ನೇರ ಬೀದಿಗಳದ್ದು. ಉತ್ತರ, ಪೂರ್ವ, ಪಶ್ಚಿಮ ಮೂರು ಕಡೆ ಬೆಟ್ಟ, ದಕ್ಷಿಣ ಬಯಲು. ಬೆಟ್ಟ ಕಾಣದ ದಿಕ್ಕಿಗೆ ನಡೆದರೆ ರೈಲು ನಿಲ್ದಾಣದ ಕಡೆಗೇ ಹೋಗುತ್ತೀಯ. ಅಲ್ಲಿನವರು ವಿಳಾಸದಲ್ಲೇ ‘ಅಗರು’ ಅಂತ ಬರೆದರೆ ಮೇಲಕ್ಕೆ, ಅಂದರೆ ಉತ್ತರಕ್ಕೆ. ‘ಸಗರು’ ಅಂದರೆ ದಕ್ಷಿಣಕ್ಕೆ.

• ಸಿಟಿ ಬಸ್ಸಿಗೆ ಸಾಮಾನ್ಯವಾಗಿ ಹಿಂದಿನ ಬಾಗಿಲಲ್ಲಿ ಹತ್ತಿ, ಮುಂದಿನ ಬಾಗಿಲಲ್ಲಿ ಇಳಿಯುವಾಗ ದುಡ್ಡು ಹಾಕಬೇಕು. ಊರೊಳಗೆ ಎಲ್ಲಿಂದೆಲ್ಲಿಗಾದರೂ 230 ಯೆನ್. ಡಬ್ಬಿ ಚಿಲ್ಲರೆ ವಾಪಸ್ ಕೊಡುವುದಿಲ್ಲ, ಪಕ್ಕದ ಯಂತ್ರದಲ್ಲಿ ಮೊದಲು ಸಾವಿರದ ನೋಟು ಮುರಿಸಿಕೋ. ದಿನಕ್ಕೆ ಐದಾರು ಸಲ ಹತ್ತಿ ಇಳಿಯುವುದಿದ್ದರೆ ಬಸ್ಸು ಮತ್ತು ಸುರಂಗ ರೈಲು ಎರಡಕ್ಕೂ ಸೇರಿದ 1,100 ಯೆನ್‌ನ ಒಂದು ದಿನದ ಪಾಸ್ ತೆಗೆದುಕೋ.

• ನವೆಂಬರಿನಲ್ಲಿ ಮೇಪಲ್ ಎಲೆ ಕೆಂಪಾಗುವುದನ್ನು ನೋಡಲು ಜಪಾನೆಲ್ಲಾ ಅಲ್ಲಿಗೇ ಬರುತ್ತದೆ. ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆದಷ್ಟೂ ರೈಲಿನಲ್ಲಿ ಹೋಗಿ, ಮಿಕ್ಕಿದ್ದು ನಡೆಯಿರಿ. 23ನೇ ತಾರೀಕು ಅಲ್ಲಿ ಸರ್ಕಾರಿ ರಜೆ ಬೇರೆ. ಅವತ್ತು ಯಾವ ಹೆಸರುವಾಸಿ ಜಾಗಕ್ಕೂ ಹೋಗದೆ ಕಾಮೊ ನದಿಯ ದಂಡೆಯಲ್ಲಿ ಬುತ್ತಿ ಬಿಚ್ಚಿಕೊಂಡು ಕೂತುಬಿಡಿ.

• ರೈಲು ಬಸ್ಸಿನಲ್ಲಿ ಫೋನಿನಲ್ಲಿ ಮಾತಾಡಬೇಡ. ನಮ್ಮ ಮನೆಯವರ ಗಂಟಲು ನನಗೆ ಗೊತ್ತು. ನಾವು ಮೆಲ್ಲಗೆ ಮಾತಾಡಿದ್ದೇವೆ ಅಂದುಕೊಂಡದ್ದೇ ಅವರಿಗೆ ಜಾತ್ರೆ.

ನೋಡುವಾಗ

• ಬೆಳಕು ಸಂಜೆ ಐದಕ್ಕೂ ಮುಂಚೆ ಹೋಗುತ್ತದೆ. ಬಹಳಷ್ಟು ದೇವಾಲಯಗಳು ನಾಲ್ಕೂವರೆ ಐದಕ್ಕೆಲ್ಲಾ ಬಾಗಿಲು ಹಾಕುತ್ತವೆ. ಆದ್ದರಿಂದ ನೋಡುವುದೆಲ್ಲಾ ಬೆಳಿಗ್ಗೆ, ಕೊಳ್ಳುವುದು ಮಧ್ಯಾಹ್ನದ ಮೇಲೆ ಅಂತ ಇಟ್ಟುಕೋ. ಒಂದು ಬೆಳಿಗ್ಗೆಗೆ ಒಂದೇ ದೊಡ್ಡ ಜಾಗ.

• ಕಿಯೊಮಿಜು-ದೆರಾ ಬೆಳಿಗ್ಗೆ ಆರಕ್ಕೇ ತೆರೆಯುತ್ತದೆ. ಆರೂವರೆಗೆ ಅಲ್ಲಿರು. ಬೆಟ್ಟದಂಚಿನಿಂದ ಹೊರಚಾಚಿ, ಮೊಳೆಯಿಲ್ಲದೆ ಮರಕ್ಕೆ ಮರ ಕಚ್ಚಿಸಿ ಕಟ್ಟಿದ ಆ ಅಟ್ಟಣೆ 1633ರದ್ದು. ಮೇಲೆ ನಿಂತು ಫೋಟೊ ತೆಗೆದವರೆಲ್ಲಾ ಹೊರಟುಬಿಡುತ್ತಾರೆ. ನೀನು ಕೆಳಗಿಳಿದು ಕಂಬಗಳ ಬುಡದಿಂದ ತಲೆಯೆತ್ತಿ ನೋಡು. ಅಲ್ಲೇ ಓತೊವಾ ಜಲಧಾರೆ ಮೂರು ಕವಲಾಗಿ ಬೀಳುತ್ತದೆ. ಒಂದರ ನೀರು ಸಾಕು, ಮೂರನ್ನೂ ಕುಡಿದರೆ ಅತಿಯಾಸೆ ಅನ್ನುತ್ತಾರೆ.

• ಅಲ್ಲಿಂದ ಇಳಿಯುವ ಕಲ್ಲುಮೆಟ್ಟಿಲಿನ ಬೀದಿ ಸನ್ನೆನ್-ಜಾಕಾ. ಅಲ್ಲಿ ಎಡವಿ ಬಿದ್ದವರು ಮೂರು ವರ್ಷದೊಳಗೆ ಸಾಯುತ್ತಾರೆ ಅಂತ ಒಂದು ನಂಬಿಕೆ. ಪರಿಹಾರಕ್ಕೆ ಪುಟ್ಟ ಸೋರೆಬುರುಡೆಯನ್ನೂ ಅಲ್ಲೇ ಮಾರುತ್ತಾರೆ! ನಿಮ್ಮತ್ತೆಯವರ ಮಂಡಿ ನೆನಪಿಟ್ಟುಕೊಂಡು, ಕೈ ಹಿಡಿದು ಇಳಿಸು. ಬುರುಡೆಯ ಖರ್ಚು ಉಳಿಯುತ್ತದೆ.

• ಫುಶಿಮಿ ಇನಾರಿಗೆ ಟಿಕೆಟ್ಟೂ ಇಲ್ಲ, ಬಾಗಿಲೂ ಇಲ್ಲ. ಹಗಲು ರಾತ್ರಿ ತೆರೆದೇ ಇರುತ್ತದೆ. ಕ್ಯೋಟೊ ನಿಲ್ದಾಣದಿಂದ ನಾರಾ ಕಡೆಯ ಪ್ಯಾಸೆಂಜರ್ ರೈಲಿನಲ್ಲಿ ಎರಡನೆಯ ಸ್ಟೇಷನ್. ವೇಗದ ರೈಲು ಹತ್ತಿದರೆ ಅಲ್ಲಿ ನಿಲ್ಲುವುದಿಲ್ಲ. ಇನಾರಿ ಅಂದರೆ ಭತ್ತದ, ವ್ಯಾಪಾರದ ದೇವರು. ಕಾವಲಿಗೆ ಕೂತ ನರಿಯ ಬಾಯಲ್ಲಿ ಕಣಜದ ಬೀಗದಕೈ ಹುಡುಕು. ಸಾವಿರಾರು ಕೆಂಪು ತೊರಿಯಿ ಕಮಾನುಗಳ ಕೆಳಗೆ ಹತ್ತುವಾಗ ಬರೀ ಬಣ್ಣ ಕಾಣುತ್ತದೆ, ಇಳಿಯುವಾಗ ಕಂಬದ ಹಿಂದೆ ಕೊಟ್ಟವರ ಹೆಸರು, ತಾರೀಕು ಕಾಣುತ್ತದೆ. ಮೊದಲ ಸಲ ಇಳಿದಾಗ ನನಗೆ ನಮ್ಮ ದೇವಸ್ಥಾನದ ಟ್ಯೂಬ್‌ಲೈಟುಗಳು ನೆನಪಾದವು!

• ಕಿಂಕಾಕು-ಜಿಯ ಚಿನ್ನದ ಮಂಟಪ ನೋಡು, ಬೇಡ ಅನ್ನುವುದಿಲ್ಲ. 1950ರಲ್ಲಿ ಒಬ್ಬ ಎಳೆಯ ಸನ್ಯಾಸಿಯೇ ಬೆಂಕಿಯಿಟ್ಟ ಮೇಲೆ, 1955ರಲ್ಲಿ ಮತ್ತೆ ಕಟ್ಟಿದ್ದು ಈಗಿರುವುದು. ಆದರೆ ಅಲ್ಲಿ ನಿಲ್ಲಲು ಬಿಡುವುದಿಲ್ಲ, ಜನದ ಜೊತೆ ಹರಿದುಹೋಗಬೇಕು. ಅಲ್ಲಿಂದ ಇಪ್ಪತ್ತು ನಿಮಿಷ ನಡೆದರೆ ರ್ಯೋಆನ್-ಜಿ; ಬಿಳಿ ಜಲ್ಲಿಯಂಗಳದಲ್ಲಿ ಹದಿನೈದು ಕಲ್ಲು. ಜಗಲಿಯ ಮೇಲೆ ಎಲ್ಲಿ ಕೂತು ಎಣಿಸಿದರೂ ಹದಿನಾಲ್ಕೇ. ನಾನೂ ಮಗನೂ ಅರ್ಧ ಗಂಟೆ ಜಾಗ ಬದಲಿಸಿ ಬದಲಿಸಿ ಎಣಿಸಿ ಸೋತೆವು. ಆ ಪ್ರವಾಸದಲ್ಲಿ ಅವನು ಫೋನ್ ಕೆಳಗಿಟ್ಟದ್ದು ಆ ಅರ್ಧ ಗಂಟೆ ಮಾತ್ರ.

• ತೋಜಿಯ ಉಪನ್ಯಾಸ ಮಂದಿರಕ್ಕೆ ಅತ್ತೆಯವರನ್ನು ತಪ್ಪದೆ ಕರೆದುಕೊಂಡು ಹೋಗು. ಅಲ್ಲಿ ಹಂಸಗಳ ಮೇಲೆ ಕೂತ ‘ಬೊನ್‌ತೆನ್’ ನಮ್ಮ ಬ್ರಹ್ಮ, ಆನೆಯ ಮೇಲೆ ಕೂತ ‘ತೈಶಾಕುತೆನ್’ ನಮ್ಮ ಇಂದ್ರ. ಬೌದ್ಧ ಧರ್ಮದ ಜೊತೆ ಚೀನಾ ದಾಟಿ ಹೋದವರು. ಸಂಜೂಸಂಗೆನ್-ದೋದಲ್ಲಿ 1001 ಕನ್ನೊನ್ ವಿಗ್ರಹಗಳ ಮುಂದೆ ಗರುಡನೂ ನಿಂತಿದ್ದಾನೆ. ಎರಡು ಕಡೆಯೂ ಒಳಗೆ ಫೋಟೊ ತೆಗೆಯುವ ಹಾಗಿಲ್ಲ.

• ಶಿಂತೊ ಗುಡಿಯಲ್ಲಿ ಎರಡು ಸಲ ಬಾಗಿ, ಎರಡು ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗಬೇಕು. ಬೌದ್ಧ ದೇವಾಲಯದಲ್ಲಿ ಚಪ್ಪಾಳೆ ಬೇಡ, ಬರೀ ಕೈಮುಗಿ. ಹುಂಡಿಗೆ ತೂತಿನ ಐದು ಯೆನ್ ನಾಣ್ಯ ಹಾಕು. ಐದು ಯೆನ್ ಅಂದರೆ ‘ಗೊಎನ್’. ಅದೇ ಉಚ್ಚಾರಕ್ಕೆ ಋಣಾನುಬಂಧ ಅನ್ನುವ ಅರ್ಥವೂ ಇದೆ.

• ಗಿಯೋನ್ ಬೀದಿಯಲ್ಲಿ ಬಣ್ಣ ಹಚ್ಚಿಕೊಂಡು ಸರಸರ ನಡೆದುಹೋಗುವ ಹುಡುಗಿ ಕೆಲಸಕ್ಕೆ ಹೊರಟವಳು. ಅವಳ ಹಿಂದೆ ಕ್ಯಾಮೆರಾ ಹಿಡಿದು ಓಡಬೇಡಿ. 2024ರಿಂದ ಅಲ್ಲಿನ ಖಾಸಗಿ ಓಣಿಗಳಿಗೆ ಪ್ರವಾಸಿಗರಿಗೆ ಪ್ರವೇಶವೇ ಇಲ್ಲ. ನುಗ್ಗಿದರೆ 10,000 ಯೆನ್ ದಂಡ ಅಂತ ಬೋರ್ಡು ಹಾಕಿದ್ದಾರೆ.

ಊಟ ತಿಂಡಿ

• ಕಣ್ಣಿಗೆ ಬರೀ ತರಕಾರಿ ಕಂಡರೂ ಸಾರಿನಲ್ಲಿ ಮೀನಿರುತ್ತದೆ. ಅವರ ಸಾರಿಗೆಲ್ಲಾ ‘ದಾಶಿ’ ಬುಡ, ದಾಶಿಗೆ ಹೆಚ್ಚಾಗಿ ಒಣಮೀನು. ‘ಮಾಂಸ ಇದೆಯಾ’ ಅಂತ ಕೇಳಿದರೆ ‘ಇಲ್ಲ’ ಅಂತಲೇ ನಿಜ ಹೇಳುತ್ತಾರೆ! ಅದಕ್ಕೇ ‘ಮಾಂಸ, ಮೀನು, ಮೀನಿನ ದಾಶಿ ತಿನ್ನುವುದಿಲ್ಲ’ ಅಂತ ಜಪಾನಿಯಲ್ಲೇ ಬರೆದ ಚೀಟಿ ಮೂವರ ಜೇಬಿನಲ್ಲೂ ಇರಲಿ.

• ಒಂದು ಮಧ್ಯಾಹ್ನ ‘ಶೋಜಿನ್ ರ್ಯೋರಿ’ ಊಟ ಮಾಡಿ. ಸನ್ಯಾಸಿಗಳ ಅಡುಗೆ ಅದು; ಮಾಂಸ ಮೀನು ಹೋಗಲಿ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ನಿಮ್ಮತ್ತೆಯವರ ಮಡಿ ಅಡುಗೆಗೆ ದೂರದ ನೆಂಟ ಅನ್ನು. ಆರಾಶಿಯಾಮಾದ ತೆನ್‌ರ್ಯೂ-ಜಿ ಆವರಣದಲ್ಲೇ ಬಡಿಸುತ್ತಾರೆ. ದುಬಾರಿ, ಆದರೆ ಒಂದು ಸಲಕ್ಕೆ ಬೆಲೆಬಾಳುತ್ತದೆ.

• ನಿಶಿಕಿ ಮಾರ್ಕೆಟ್ ಸುಮಾರು 400 ಮೀಟರ್ ಉದ್ದದ ಇಕ್ಕಟ್ಟು ಬೀದಿ. ಉಪ್ಪಿನಕಾಯಿ, ತೋಫು, ಚಹಾ, ಚಾಕು ಎಲ್ಲಾ ಅಲ್ಲೇ. ತಿನ್ನುತ್ತಾ ನಡೆಯುವುದು ಅವರಿಗೆ ಸೇರುವುದಿಲ್ಲ. ಕೊಂಡ ಅಂಗಡಿಯ ಮುಂದೆಯೇ ನಿಂತು ತಿಂದು, ಕಡ್ಡಿ ಕಾಗದ ಅವರಿಗೇ ಕೊಡು. ಊರಲ್ಲಿ ಕಸದ ಬುಟ್ಟಿ ಸಿಗುವುದು ಅಪರೂಪ. ಚೀಲದಲ್ಲಿ ಒಂದು ಖಾಲಿ ಕವರ್ ಇಟ್ಟುಕೋ.

ಕೊಳ್ಳುವಾಗ

• ದುಡ್ಡನ್ನು ಕೈಗೆ ಕೊಡಬೇಡ, ಮುಂದಿಟ್ಟ ಪುಟ್ಟ ತಟ್ಟೆಯಲ್ಲಿಡು. ಚೌಕಾಸಿ ಇಲ್ಲ, ಟಿಪ್ಸೂ ಇಲ್ಲ. ಬೆಲೆಚೀಟಿಯಲ್ಲಿ ಎರಡು ಅಂಕಿ ಇದ್ದರೆ ದಪ್ಪಕ್ಷರದ್ದು ಹೆಚ್ಚಾಗಿ ತೆರಿಗೆ ಬಿಟ್ಟಿದ್ದು, ಸಣ್ಣಕ್ಷರದ್ದು ನೀನು ಕೊಡಬೇಕಾದ್ದು. ತೆರಿಗೆ ನೂರಕ್ಕೆ ಹತ್ತು, ಕಟ್ಟಿಸಿಕೊಂಡು ಹೋಗುವ ತಿಂಡಿಗೆ ಎಂಟು.

• ಒಂದೇ ಅಂಗಡಿಯಲ್ಲಿ ಒಂದೇ ದಿನ 5,000 ಯೆನ್ ಮೇಲೆ ಕೊಂಡರೆ ಪ್ರವಾಸಿಗರಿಗೆ ಆ ತೆರಿಗೆ ಮಾಫಿ. ನಾನು ಹೋದಾಗ ಅಂಗಡಿಯಲ್ಲೇ ಕಳೆಯುತ್ತಿದ್ದರು. 2026ರ ನವೆಂಬರ್ 1ರಿಂದ ಮೊದಲು ಪೂರ್ತಿ ಕೊಟ್ಟು, ದೇಶ ಬಿಡುವಾಗ ಕಸ್ಟಮ್ಸ್‌ನವರಿಂದ ಖಾತ್ರಿ ಮಾಡಿಸಿಕೊಂಡು ವಾಪಸ್ ಪಡೆಯುವ ಕ್ರಮ. ಪಾಸ್‌ಪೋರ್ಟ್ ಸದಾ ಜೊತೆಗಿರಲಿ, ಕೊಂಡದ್ದನ್ನು ಪೆಟ್ಟಿಗೆಯ ತಳಕ್ಕೆ ತುರುಕಬೇಡ.

• ನಿನ್ನ ಅದೃಷ್ಟ ನೋಡು: ಪ್ರತಿ ತಿಂಗಳು 21ಕ್ಕೆ ತೋಜಿಯಲ್ಲಿ, 25ಕ್ಕೆ ಕಿತಾನೊ ತೆನ್‌ಮಾಂಗೂದಲ್ಲಿ ಸಂತೆ. ಎರಡೂ ನಿನ್ನ ಐದು ದಿನದಲ್ಲೇ ಬೀಳುತ್ತವೆ. ಹಳೇ ಕಿಮೊನೊ, ಪಿಂಗಾಣಿ ಬಟ್ಟಲು, ಕಬ್ಬಿಣದ ಕೆಟಲು ಎಲ್ಲಾ ರಾಶಿ. ಕಿಮೊನೊ ತಂದರೆ ಉಡುವುದು ಯಾವಾಗ? ಅದಕ್ಕೆ ಬದಲು ಸೊಂಟಕ್ಕೆ ಕಟ್ಟುವ ‘ಓಬಿ’ ಹುಡುಕು. ಸೀರೆಯ ಮುಕ್ಕಾಲು ಉದ್ದ, ಒಂದಡಿ ಅಗಲ, ಜರತಾರಿ ನೇಯ್ಗೆ. ಹಬ್ಬದಲ್ಲಿ ದೇವರ ಮಂಟಪದ ಹಿಂದೆ ಇಳಿಬಿಟ್ಟರೆ ಮನೆಯೇ ಬೆಳಗುತ್ತದೆ.

• ಹಂಚುವುದಕ್ಕೆ ಹಗುರವಾದದ್ದೇ ತಾ: ಹತ್ತಿಯ ‘ತೆನುಗುಯಿ’ ಕೈವಸ್ತ್ರ, ಗಂಟು ಕಟ್ಟುವ ‘ಫುರೊಶಿಕಿ’ ಬಟ್ಟೆ, ದಾಲ್ಚಿನ್ನಿ ಘಮದ ಅಕ್ಕಿಹಿಟ್ಟಿನ ‘ಯಾತ್ಸುಹಾಶಿ’. ಮೆತ್ತಗಿನ ಯಾತ್ಸುಹಾಶಿ ಬೇಗ ಕೆಡುತ್ತದೆ, ಸುಟ್ಟು ಗರಿಯಾದದ್ದು ತಾ. ಖಾರ ಬೇಕಾದವರಿಗೆ ಏಳು ಸಾಮಾನು ಸೇರಿದ ‘ಶಿಚಿಮಿ’ ಪುಡಿ. ಮೊಸರನ್ನಕ್ಕೆ ನಮ್ಮ ಮನೆಯಲ್ಲಿ ಅದೇ.

• ಅಲ್ಲಿನ ಅನ್ನದ ಕುಕ್ಕರ್ ಚೆನ್ನಾಗಿದೆ ಅಂತ ತರಬೇಡ! ನಾನು ತಂದೆ. ಮೈಸೂರಿನ 230 ವೋಲ್ಟಿಗೆ ಹಾಕಿದ ಮೊದಲ ದಿನವೇ ‘ಠಪ್’ ಅಂತು. ಈಗ ಅದರ ಪಾತ್ರೆಯಲ್ಲಿ ಹೆಸರುಕಾಳು ಮೊಳಕೆ ಕಟ್ಟುತ್ತೇನೆ.

• ಚಾಕು ಕೊಳ್ಳುವುದಿದ್ದರೆ ಕೊಳ್ಳು. 1560ರಲ್ಲಿ ಶುರುವಾದ ಅರಿತ್ಸುಗು ಅಂಗಡಿ ನಿಶಿಕಿಯಲ್ಲೇ ಇದೆ, ಅಲಗಿನ ಮೇಲೆ ಹೆಸರನ್ನೂ ಕೆತ್ತಿಕೊಡುತ್ತಾರೆ. ಆದರೆ ಕಟ್ಟಿಕೊಟ್ಟದ್ದನ್ನು ಬಿಚ್ಚದೆ ದೊಡ್ಡ ಪೆಟ್ಟಿಗೆಯಲ್ಲೇ ಹಾಕು, ಕೈಚೀಲದಲ್ಲಿ ಬೇಡ.

• ಅಗರಬತ್ತಿ ಅಂಗಡಿಯೊಳಗೆ ಹೋಗಿ ಕೂತು ಬಾ. ಅವರ ಊದುಬತ್ತಿಗೆ ನಡುವೆ ಬಿದಿರ ಕಡ್ಡಿಯಿಲ್ಲ, ಹೊಗೆಯೂ ಕಡಿಮೆ. ಎಲ್ಲಕ್ಕಿಂತ ಒಳ್ಳೆಯ ಗಂಧ ಯಾವುದು ಅಂತ ಕೇಳಿದೆ. ಅಂಗಡಿಯಾಕೆ ಎರಡೂ ಕೈಯಲ್ಲಿ ಒಂದು ಪೆಟ್ಟಿಗೆ ಹಿಡಿದು ತಂದು ‘ರೋಜಾನ್ ಬ್ಯಾಕುದಾನ್’ ಅಂದರು. ಮಗ ಕೇಳಿ ನಕ್ಕ. ಅದು ಮೈಸೂರು ಸೀಮೆಯ ಶ್ರೀಗಂಧಕ್ಕೆ ಅವರಿಟ್ಟ ಹೆಸರು! ಒಂದು ಪೆಟ್ಟಿಗೆ ಕೊಂಡೆ. ನಮ್ಮೂರ ಗಂಧವನ್ನು ಅಷ್ಟು ಜೋಪಾನವಾಗಿ ಹಿಡಿದದ್ದನ್ನು ನಾನು ನಮ್ಮೂರಲ್ಲಿ ಕಂಡಿರಲಿಲ್ಲ.

ನಿಮಗೇನು ತರಲಿ ಅಂತ ಕೇಳಿದ್ದೆಯಲ್ಲ. ನೂರು ಗ್ರಾಂ ‘ಹೋಜಿಚಾ’ ಸಾಕು. ಹುರಿದ ಎಲೆಯ ಚಹಾ ಅದು, ಕಾಫಿಬೀಜ ಹುರಿಯುವಾಗಿನ ವಾಸನೆಗೆ ಹತ್ತಿರ. ಪೋಸ್ಟಿನಲ್ಲಿ ಕಳಿಸಬೇಡ, ಒಂದು ಮಧ್ಯಾಹ್ನ ನೀನೇ ಬಂದು ಮಾಡಿಕೊಡು. ಹಾಲು ಹಾಕಬೇಡ. ಎಷ್ಟು ಜಾಗ ನೋಡಿದೆ ಅಂತ ನಾನು ಕೇಳುವುದಿಲ್ಲ. ರ್ಯೋಆನ್-ಜಿಯಲ್ಲಿ ನಿನಗೆ ಎಷ್ಟು ಕಲ್ಲು ಸಿಕ್ಕಿತು, ಅದನ್ನು ಮಾತ್ರ ಕೇಳುತ್ತೇನೆ.

ನಿನ್ನ ದೊಡ್ಡಮ್ಮ