ರಿಲೇ ಕಟಕಟ ಎಂದರೆ ಬೇಸ್ ರೆಸಿಸ್ಟರ್ ನೋಡಬೇಕು

ತುಂಗಭದ್ರೆಯ ದಡದ ಹೊನ್ನಾಳಿಯಂಥ ಊರುಗಳಲ್ಲಿ, ಟ್ಯಾಂಕು ತುಂಬಿದೊಡನೆ ಮೋಟಾರನ್ನು ನಿಲ್ಲಿಸುವ ಸರ್ಕ್ಯೂಟನ್ನು ಮನೆಯಲ್ಲೇ ಜೋಡಿಸುವ ಆಸಕ್ತರು ಬಿಸಿ547 ಟ್ರಾನ್ಸಿಸ್ಟರನ್ನೂ 12 ವೋಲ್ಟಿನ ರಿಲೇಯನ್ನೂ ಬಳಸುವುದುಂಟು; ರಿಲೇ ಸರಿಯಾಗಿ ಎಳೆಯದೆ ಕಟಕಟ ಎಂದಾಗ ಅದನ್ನೇ ಬದಲಿಸುವುದು ದಂಡದ ಖರ್ಚು, ಏಕೆಂದರೆ ದೋಷ ಅನೇಕ ಸಲ ಬೇಸ್‌ಗೆ ಹಾಕಿದ ರೆಸಿಸ್ಟರಿನಲ್ಲಿರುತ್ತದೆ.

1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ, ಮುಂದೆ ಬೆಂಗಳೂರಿನ ಬಿಇಎಲ್ ಕೂಡ ತಯಾರಿಸಿದ ಟ್ರಾನ್ಸಿಸ್ಟರಿಗೆ ಮೂರು ಕಾಲುಗಳಿವೆ. ಬಿಸಿ547ರ ಚಪ್ಪಟೆ ಮುಖವನ್ನು ಎದುರಿಗೆ, ಕಾಲುಗಳನ್ನು ಕೆಳಗೆ ಹಿಡಿದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಬೇಸ್‌ಗೆ ಕರೆಂಟ್ ಇಲ್ಲದಾಗ ಕಲೆಕ್ಟರಿನಲ್ಲೂ ಹರಿವಿರುವುದಿಲ್ಲ. ಇದು ಕಟ್‌ಆಫ್ ಸ್ಥಿತಿ. ಬೇಸ್‌ನ ಅಲ್ಪ ಕರೆಂಟಿಗೆ ಅನುಗುಣವಾಗಿ ಕಲೆಕ್ಟರಿನಲ್ಲಿ ಅದರ ನೂರಾರು ಪಟ್ಟು ಹರಿಯುವುದು ಆಕ್ಟಿವ್ ಸ್ಥಿತಿ. ರೇಡಿಯೊದ ಧ್ವನಿವರ್ಧನೆಗೆ ಬೇಕಾದದ್ದು ಇದೇ. ಬೇಸ್‌ಗೆ ಅಗತ್ಯಕ್ಕಿಂತ ಹೆಚ್ಚು ಕರೆಂಟ್ ಕೊಟ್ಟಾಗ ಟ್ರಾನ್ಸಿಸ್ಟರ್ ಮುಚ್ಚಿದ ಸ್ವಿಚ್ಚಿನಂತಾಗಿ, ಕಲೆಕ್ಟರ್–ಎಮಿಟರ್ ನಡುವೆ ಸುಮಾರು 0.2 ವೋಲ್ಟ್ ಮಾತ್ರ ಉಳಿಯುವುದು ಸ್ಯಾಚುರೇಷನ್. ಕಲೆಕ್ಟರ್, ಎಮಿಟರ್ ಅದಲುಬದಲಾದರೆ ನಾಲ್ಕನೆಯದಾದ ಹಿಮ್ಮುಖ ಸ್ಥಿತಿ ಬರುತ್ತದಾದರೂ ಅಲ್ಲಿ ವರ್ಧನೆ ತೀರಾ ಕಡಿಮೆ.

ರಿಲೇಗೆ ಬೇಕಾದದ್ದು ಕಟ್‌ಆಫ್ ಮತ್ತು ಸ್ಯಾಚುರೇಷನ್ ಮಾತ್ರ. ನಡುವಿನ ಆಕ್ಟಿವ್ ಸ್ಥಿತಿಯಲ್ಲಿ ಸಿಕ್ಕಿಕೊಂಡದ್ದೇ ಎಡವಟ್ಟು. ರಿಲೇಯ ಕಾಯಿಲ್ 400 ಓಮ್ ಇದ್ದರೆ ಅದಕ್ಕೆ 30 ಮಿಲಿಆಂಪಿಯರ್ ಬೇಕು. 5 ವೋಲ್ಟಿನ ಸಂಕೇತವನ್ನು 47 ಕಿಲೋಓಮ್ ಮೂಲಕ ಕೊಟ್ಟರೆ, ಬೇಸ್‌ನ 0.7 ವೋಲ್ಟ್ ಕಳೆದು, 0.09 ಮಿಲಿಆಂಪಿಯರಷ್ಟೇ ಹರಿಯುತ್ತದೆ. ವರ್ಧನೆ 200 ಇರುವ ಬಿಡಿಭಾಗದಲ್ಲಿ ಕಲೆಕ್ಟರಿಗೆ 18 ಮಿಲಿಆಂಪಿಯರ್ ಮಾತ್ರ ಸಿಕ್ಕಿ, ಕಾಯಿಲ್‌ಗೆ ಸುಮಾರು 7 ವೋಲ್ಟ್ ದಕ್ಕಿ, ಉಳಿದದ್ದು ಟ್ರಾನ್ಸಿಸ್ಟರನ್ನು ಬಿಸಿಮಾಡುತ್ತದೆ. ಅದೇ ಜಾಗದಲ್ಲಿ ವರ್ಧನೆ 450ರ ಬಿಡಿಭಾಗ ಕೂಡಿಸಿದರೆ ರಿಲೇ ಚೆನ್ನಾಗಿಯೇ ಎಳೆಯುವುದರಿಂದ, ಮೊದಲಿನದು ಡೂಪ್ಲಿಕೇಟ್ ಎಂದು ಅಂಗಡಿಯವರೊಂದಿಗೆ ಜಗಳವಾಡುವವರೂ ಇದ್ದಾರೆ. ಬಿಸಿ547ರ ವರ್ಧನೆ 110ರಿಂದ 800ರವರೆಗೆ ಬದಲಾಗುವುದು ತಯಾರಕರೇ ಒಪ್ಪಿರುವ ಮಾತು. ಇಂಥ ವರ್ಧನೆಯನ್ನು ನಂಬಿ ಸ್ವಿಚ್ ಕಟ್ಟುವುದೇ ತಪ್ಪು.

ವರ್ಧನೆ ಕೇವಲ 10 ಎಂದು ಹಿಡಿದು ಬೇಸ್‌ಗೆ 3 ಮಿಲಿಆಂಪಿಯರ್ ಕೊಡಬೇಕು: 4.3 ವೋಲ್ಟನ್ನು 3ರಿಂದ ಭಾಗಿಸಿದರೆ ಸುಮಾರು 1.4 ಕಿಲೋಓಮ್, ಮಾರುಕಟ್ಟೆಯಲ್ಲಿ ಸಿಗುವ 1.2 ಸಾಕು. ಆಮೇಲೆ ರಿಲೇ ಎಳೆದಿರುವಾಗಲೇ ಮಲ್ಟಿಮೀಟರಿನಿಂದ ಕಲೆಕ್ಟರ್–ಎಮಿಟರ್ ನಡುವೆ ಅಳೆದು, ಒಂದು ವೋಲ್ಟಿಗಿಂತ ಹೆಚ್ಚಿದ್ದರೆ ಬೇಸ್‌ನ ಕಡೆ ಮತ್ತೆ ನೋಡಬೇಕು.

ಕಾಯಿಲ್‌ಗೆ ಅಡ್ಡಲಾಗಿ 1ಎನ್4007 ಡಯೋಡನ್ನು, ಅದರ ಪಟ್ಟಿ ಪ್ಲಸ್ ಕಡೆಗೆ ಬರುವಂತೆ, ಹಾಕಲೇಬೇಕು. ರಿಲೇಯಿಂದಾಚೆ, ಮೋಟಾರಿನ ಸ್ಟಾರ್ಟರಿನ ವೈರಿಂಗ್ ಮಾತ್ರ ಎಲೆಕ್ಟ್ರಿಷಿಯನ್ನರ ಕೆಲಸ.