ಕಿಲ್ಲಾರಿ ಭೂಕಂಪದ ಪಾಠ: ಮನೆಯ ಜೊತೆ ಕೊಟ್ಟಿಗೆಯೂ ಏಳಬೇಕು

ಈ ವಾರ ಬೆಳೆ, ಕೀಟ, ಗೊಬ್ಬರದ ಮಾತು ಸ್ವಲ್ಪ ಬದಿಗಿರಲಿ. ಬೀದರ್, ಕಲಬುರಗಿ ಕಡೆಯ ಓದುಗರು ಫೋನ್ ಮಾಡಿದಾಗಲೆಲ್ಲ ನನಗೆ ಒಂದು ಪ್ರಶ್ನೆ ಬರುತ್ತಲೇ ಇರುತ್ತದೆ: "ಸರ, ನಮ್ದು ಅಜ್ಜನ ಕಾಲದ ಕಲ್ಲು-ಮಣ್ಣಿನ ಮಾಳಗಿ ಮನಿ ಅದ. ಭೂಮಿ ನಡುಗಿದ್ರ ಏನ್ ಮಾಡ್ಬೇಕ್ರಿ?" 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರ ಸುತ್ತಮುತ್ತ ಭೂಮಿ ಮೇಲಿಂದ ಮೇಲೆ ನಡುಗಿ, ಜನ ರಾತ್ರಿ ಮನೆಯೊಳಗೆ ಮಲಗಲು ಹೆದರಿದ್ದು ನಿಮಗೆ ನೆನಪಿರಬಹುದು. ಆದ್ದರಿಂದ ಈ ಪ್ರಶ್ನೆಯನ್ನು ಹಗುರಾಗಿ ತಗೊಳ್ಳುವ ಹಾಗಿಲ್ಲ.

ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಬಸವಕಲ್ಯಾಣ, ಆಳಂದದ ಗಡಿ ದಾಟಿದರೆ ಮಹಾರಾಷ್ಟ್ರದ ಉಮರ್ಗಾ ತಾಲ್ಲೂಕು. ಅಲ್ಲಿಂದ ಸ್ವಲ್ಪ ಮುಂದೆ ಕಿಲ್ಲಾರಿ. ನಮ್ಮಂಥದೇ ಕಪ್ಪು ಭೂಮಿ, ನಮ್ಮಂಥದೇ ಜೋಳ-ತೊಗರಿ, ನಮ್ಮಂಥದೇ ಮಾಳಿಗೆ ಮನೆ. ಅಲ್ಲಿ ನೆರವು ಹೇಗೆ ಬಂತು, ಯಾವುದು ಉಪಯೋಗಕ್ಕೆ ಬಂತು, ಯಾವುದು ಬರಲಿಲ್ಲ ಎಂಬುದನ್ನು ರೈತನ ಕಣ್ಣಿನಿಂದ ನೋಡೋಣ.

ಅಂದು ಆದದ್ದೇನು?

1993ರ ಸೆಪ್ಟೆಂಬರ್ 30, ಬೆಳಗಿನ ಜಾವ 3 ಗಂಟೆ 56 ನಿಮಿಷ. ಹಿಂದಿನ ದಿನ ಅನಂತ ಚತುರ್ದಶಿ. ಗಣಪತಿ ಕಳಿಸಿ ಬಂದ ಜನ ಗಾಢ ನಿದ್ರೆಯಲ್ಲಿದ್ದರು. 6.2 ತೀವ್ರತೆಯ ಭೂಕಂಪ ಲಾತೂರ್ ಮತ್ತು ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಗಳ ಹಳ್ಳಿಗಳನ್ನು ನೆಲಸಮ ಮಾಡಿತು. ಕಿಲ್ಲಾರಿ, ಮಂಗ್ರೂಳ, ಸಾಸ್ತೂರ್‌ನಂಥ ಊರುಗಳಲ್ಲಿ ಒಂದೊಂದು ಓಣಿಯೇ ಮಣ್ಣಾಯಿತು. ಸುಮಾರು 10,000 ಜನ ಸತ್ತರು. ಆಗಿನ ಭೂಕಂಪ ನಕ್ಷೆಯಲ್ಲಿ ಆ ಪ್ರದೇಶ ಅತಿ ಕಡಿಮೆ ಅಪಾಯದ ಒಂದನೇ ವಲಯದಲ್ಲಿತ್ತು ಎಂಬುದನ್ನು ಗಮನಿಸಿ. "ನಮ್ಮ ಕಡೆ ಭೂಕಂಪ ಆಗಲ್ಲ ಬಿಡಿ" ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಡ.

6.2 ಅಂದರೆ ಜಗತ್ತಿನ ಲೆಕ್ಕದಲ್ಲಿ ಮಧ್ಯಮ ಗಾತ್ರದ ಭೂಕಂಪ. ಹಾಗಿದ್ದರೂ ಇಷ್ಟು ಸಾವು ಯಾಕೆ? ಉತ್ತರ ಗೋಡೆಯಲ್ಲಿದೆ, ಮಾಳಿಗೆಯಲ್ಲಿದೆ. ಎರಡು-ಎರಡೂವರೆ ಅಡಿ ದಪ್ಪದ ಗೋಡೆ. ಒಳಮೈಗೆ ಒಂದು ಸಾಲು ಕಲ್ಲು, ಹೊರಮೈಗೆ ಒಂದು ಸಾಲು ಕಲ್ಲು, ನಡುವೆ ಮಣ್ಣು ಮತ್ತು ಚೂರು ಕಲ್ಲು. ಎರಡನ್ನೂ ಹಿಡಿದಿಡುವ ಉದ್ದ ಕಲ್ಲು ಇಲ್ಲ. ನೆಲ ಅಲುಗಿದಾಗ ಎರಡು ಸಾಲುಗಳು ಬೇರೆ ಬೇರೆಯಾಗಿ ಉಬ್ಬಿ ಕುಸಿದವು. ಎಷ್ಟೋ ಮನೆಗಳಲ್ಲಿ ಮರದ ಕಂಬ-ತೊಲೆ ನಿಂತೇ ಇತ್ತು, ಗೋಡೆ ಮಾತ್ರ ಒಳಗೆ ಮಲಗಿದವರ ಮೇಲೆ ಬಿತ್ತು.

ಇನ್ನು ಮಾಳಿಗೆ. ಸೋರಬಾರದು ಅಂತ ವರ್ಷಾವರ್ಷ ಮೇಲೆ ಮಣ್ಣು ಹಾಕುತ್ತೇವೆ, ಹಳೆಯದನ್ನು ತೆಗೆಯುವುದಿಲ್ಲ. ಒಂದು ಲೆಕ್ಕ ಮಾಡೋಣ. 10 ಅಡಿ ಅಗಲ, 12 ಅಡಿ ಉದ್ದದ ಕೋಣೆ. ಮೇಲೆ ಒಂದೂವರೆ ಅಡಿ ಮಣ್ಣು. ಅಂದರೆ 180 ಘನ ಅಡಿ. ಘನ ಅಡಿಗೆ 45 ಕೆಜಿ ಹಿಡಿದರೂ 8,100 ಕೆಜಿ ಆಯಿತು. ಎರಡು ಟ್ರ್ಯಾಲಿಗಿಂತ ಹೆಚ್ಚು ಮಣ್ಣನ್ನು ತಲೆಯ ಮೇಲೆ ಇಟ್ಟುಕೊಂಡು ಮಲಗಿದ ಹಾಗೆ!

ಮೊದಲ ತಿಂಗಳು: ಹಂಗಾಮು ಕಾಯುವುದಿಲ್ಲ

ಸೆಪ್ಟೆಂಬರ್ ಕೊನೆ ಅಂದರೆ ನಮ್ಮ ಕಡೆ ಏನು ಕಾಲ ಎಂದು ನಿಮಗೆ ಹೇಳಬೇಕಿಲ್ಲ. ಮುಂಗಾರಿನ ಜೋಳ ಹೊಲದಲ್ಲಿ ನಿಂತಿರುತ್ತದೆ. ಹಿಂಗಾರಿ ಜೋಳದ ಬಿತ್ತನೆ ನಡೆದಿರುತ್ತದೆ. ಕಡಲೆ, ಕುಸುಬೆಗೆ ಹೊಲ ಹದವಾಗಿರುತ್ತದೆ. ಈ ಹದ ಸಿಗುವುದು ಎರಡು-ಮೂರು ವಾರ ಮಾತ್ರ. ತಪ್ಪಿದರೆ ಮನೆ ಕಳೆದುಕೊಂಡವ ಒಂದು ವರ್ಷದ ಕಾಳನ್ನೂ ಕಳೆದುಕೊಳ್ಳುತ್ತಾನೆ, ದನಕ್ಕೆ ಕಣಿಕೆಯನ್ನೂ ಕಳೆದುಕೊಳ್ಳುತ್ತಾನೆ.

ಆದರೆ ನೆರವು ಅಂದ ಕೂಡಲೇ ಹೊರಗಿನವರ ಕಣ್ಣಿಗೆ ಬೀಳುವುದು ಬಟ್ಟೆ, ಕಂಬಳಿ, ಊಟದ ಪೊಟ್ಟಣ. ಅವು ಬೇಕು, ಬೇಡ ಅನ್ನುತ್ತಿಲ್ಲ. ಹತ್ತು ದಿನ ಕಳೆದ ಮೇಲೆ ರೈತನಿಗೆ ಬೇಕಾಗುವುದೇ ಬೇರೆ: ಕಲ್ಲಿನಡಿ ಸಿಕ್ಕ ಬಿತ್ತನೆ ಬೀಜದ ಬದಲಿಗೆ ಬೀಜ, ಮುರಿದ ಕೂರಿಗೆಯ ಬದಲಿಗೆ ಕೂರಿಗೆ, ಸತ್ತ ಎತ್ತಿನ ಬದಲಿಗೆ ಬಾಡಿಗೆ ಟ್ರ್ಯಾಕ್ಟರು, ಉಳಿದ ದನಕ್ಕೆ ಮೇವು, ಗಾಯಕ್ಕೆ ಪಶುವೈದ್ಯರು. ಆಸ್ಪತ್ರೆಯಲ್ಲಿ ಮಲಗಿದವರ ಹೊಲ ಬಿತ್ತಲು ಕೈಗಳು. ನಮ್ಮಲ್ಲಿ ಮುಯ್ಯಾಳು ಪದ್ಧತಿ ಇದೆಯಲ್ಲ, ಅಂಥ ಹೊತ್ತಿಗೆ ಅದಕ್ಕಿಂತ ದೊಡ್ಡ ನೆರವು ಇನ್ನೊಂದಿಲ್ಲ.

2015ರ ಏಪ್ರಿಲ್ 25ರಂದು ನೇಪಾಳದಲ್ಲಿ 7.8 ತೀವ್ರತೆಯ ಭೂಕಂಪ ಆದಾಗ ಇದೇ ಪ್ರಶ್ನೆ ಎದ್ದಿತ್ತು. ಗುಡ್ಡಗಾಡಿನ ಹಳ್ಳಿಗಳಲ್ಲಿ ಭತ್ತದ ನಾಟಿ ಎದುರಿಗಿತ್ತು, ಬೀಜ ಕುಸಿದ ಮನೆಯೊಳಗಿತ್ತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಭತ್ತದ ಬೀಜವನ್ನೂ, ಕಾಳು ಕೆಡದಂತೆ ಇಡುವ ಚೀಲಗಳನ್ನೂ ಹಂಚಿತು. ಹಂಗಾಮು ನೋಡಿ ಕೊಡುವ ನೆರವು ಅಂದರೆ ಇದು. ಬಿತ್ತನೆಯ ಹದ ಮುಗಿದ ಮೇಲೆ ಬಂದ ಬೀಜ, ಎಷ್ಟೇ ಒಳ್ಳೆಯ ತಳಿಯಾದರೂ, ಹಿಟ್ಟಿನ ಗಿರಣಿಗೇ ಹೋಗುತ್ತದೆ.

52 ಹೊಸ ಊರುಗಳು

ಕಿಲ್ಲಾರಿ ಭಾಗದಲ್ಲಿ ಪೂರ್ತಿ ಹಾಳಾದ 52 ಹಳ್ಳಿಗಳನ್ನು ಬೇರೆ ಜಾಗಕ್ಕೆ ಸ್ಥಳಾಂತರಿಸಲು ಮಹಾರಾಷ್ಟ್ರ ಸರ್ಕಾರ ತೀರ್ಮಾನಿಸಿತು. ವಿಶ್ವಬ್ಯಾಂಕಿನ ಸಾಲ, ದೇಶದ ನಾನಾ ಕಡೆಯ ಸಂಸ್ಥೆಗಳ ದೇಣಿಗೆ ಬಂತು. ಮನೆಯ ಅಳತೆ ಜಮೀನಿನ ಮೇಲೆ ನಿಂತಿತು: ಜಮೀನು ಇಲ್ಲದವರಿಗೆ ಮತ್ತು 1 ಹೆಕ್ಟೇರ್ ಒಳಗಿನವರಿಗೆ 250 ಚದರ ಅಡಿ, 1ರಿಂದ 7 ಹೆಕ್ಟೇರ್‌ನವರಿಗೆ 450, ಅದಕ್ಕಿಂತ ಹೆಚ್ಚಿನವರಿಗೆ 750 ಚದರ ಅಡಿ.

ಮನೆಗಳು ಗಟ್ಟಿಯಾಗಿದ್ದವು. ಭಯಪಟ್ಟ ಜನಕ್ಕೆ ಕಾಂಕ್ರೀಟ್ ಮನೆ ಧೈರ್ಯ ಕೊಟ್ಟಿತು, ಇದನ್ನು ಒಪ್ಪಲೇಬೇಕು. ಆದರೆ ನಾನು ಆ ಊರುಗಳಲ್ಲಿ ಓಡಾಡುವಾಗ ಮೊದಲು ನೋಡುವುದು ಮನೆಯ ಮುಂದಿನ ಮತ್ತು ಹಿಂದಿನ ಜಾಗ. ನೇರ ರಸ್ತೆ, ಸಾಲು ಮನೆ, ಪೇಟೆಯ ಬಡಾವಣೆಯ ಹಾಗೆ. ಎಮ್ಮೆ ಎಲ್ಲಿ ಕಟ್ಟಬೇಕು? ಬಣವೆ ಎಲ್ಲಿ ಒಟ್ಟಬೇಕು? ನೇಗಿಲು, ಕುಂಟೆ, ನೊಗ ಎಲ್ಲಿ ಇಡಬೇಕು? ತಿಪ್ಪೆ ಎಲ್ಲಿ? ಹಳೆಯ ಮನೆಯಲ್ಲಿ ಇದಕ್ಕೆಲ್ಲ ಅಂಗಳ ಇತ್ತು, ಪಡಸಾಲೆ ಇತ್ತು. ಹೊಸ ಮನೆಯಲ್ಲಿ ಇಲ್ಲದ್ದರಿಂದ ಜನ ತಗಡಿನ ಶೆಡ್ಡು ಹಾಕಿಕೊಂಡರು, ಕೋಣೆ ಜೋಡಿಸಿದರು. ಹಾಗೆ ಆಮೇಲೆ ಕಟ್ಟಿದ ಭಾಗದಲ್ಲಿ ಭೂಕಂಪ ತಡೆಯುವ ಶಿಸ್ತು ಇರಬೇಕಲ್ಲ? ಎಷ್ಟೋ ಕಡೆ ಇರಲಿಲ್ಲ.

ಇನ್ನೊಂದು ಮಾತು. ಹೊಸ ಊರು ಹಳೆಯ ಊರಿಗಿಂತ ಎಷ್ಟೋ ಪಟ್ಟು ಹೆಚ್ಚು ಜಾಗ ಹಿಡಿಯಿತು. ಆ ಜಾಗ ಬಂದದ್ದು ಉಳುವ ಭೂಮಿಯಿಂದ. ಕೆಲವರಿಗೆ ಹೊಲ ಹತ್ತಿರವಾಯಿತು, ಕೆಲವರಿಗೆ ದೂರವಾಯಿತು. ಹೊಲ ದೂರವಾದರೆ ಬುತ್ತಿ ಒಯ್ಯುವ, ಮೇವಿನ ಹೊರೆ ಹೊರುವ ಹೆಣ್ಣುಮಕ್ಕಳ ಹೆಜ್ಜೆ ಹೆಚ್ಚಾಗುತ್ತದೆ. ಊರು ಎಲ್ಲಿ ಕಟ್ಟಬೇಕು ಎಂದು ಕೇಳುವಾಗ ಅವರನ್ನೂ ಕೇಳಬೇಕು.

ನಿಂತಲ್ಲೇ ಗಟ್ಟಿ ಮಾಡಿಕೊಂಡ ಹಳ್ಳಿಗಳು

ಅದೇ ಕಾರ್ಯಕ್ರಮದಲ್ಲಿ ಇನ್ನೊಂದು ಭಾಗವಿತ್ತು. ಪೂರ್ತಿ ಬೀಳದೆ ಬಿರುಕು ಬಿಟ್ಟ ಮನೆಗಳನ್ನು ಮಾಲೀಕರೇ ದುರಸ್ತಿ ಮಾಡಿ ಬಲಪಡಿಸಿಕೊಳ್ಳಲು ಸರ್ಕಾರ 17,000 ರೂಪಾಯಿಯ ನೆರವು ಕೊಟ್ಟಿತು. ಇದು ಲಾತೂರ್, ಉಸ್ಮಾನಾಬಾದ್ ದಾಟಿ ಹಲವು ಜಿಲ್ಲೆಗಳ ಹಳ್ಳಿಗಳಿಗೆ ಹಬ್ಬಿತು.

ಹಣ ಕೊಟ್ಟರೆ ಸಾಕೇ? ಇಂಜಿನಿಯರ್ ಭಾಷೆ ರೈತನಿಗೆ ತಿಳಿಯುವುದಿಲ್ಲ, ರೈತನ ಮನೆ ಇಂಜಿನಿಯರಿಗೆ ತಿಳಿಯುವುದಿಲ್ಲ. ನಡುವೆ ನಿಲ್ಲಲು ಸ್ವಯಂ ಶಿಕ್ಷಣ ಪ್ರಯೋಗ ಎಂಬ ಸಂಸ್ಥೆಯ ಸಹಾಯದಿಂದ ಊರೂರಲ್ಲಿ 'ಸಂವಾದ ಸಹಾಯಕ'ರನ್ನು ನೇಮಿಸಿದರು. ಇವರೆಲ್ಲ ಅದೇ ಊರಿನ ಹೆಣ್ಣುಮಕ್ಕಳು. ಯೋಜನೆಯ ವಿವರ ಮನೆಮನೆಗೆ ಹೇಳುವುದು, ಗ್ರಾಮಸಭೆ ಕರೆಸುವುದು, ಕೆಲಸ ಸರಿಯಾಗಿ ನಡೆದಿದೆಯೇ ನೋಡುವುದು ಇವರ ಪಾಲಿಗೆ ಬಂತು. 2001ರಲ್ಲಿ ಗುಜರಾತಿನ ಕಚ್ಛ್ ನಡುಗಿದಾಗ ಲಾತೂರಿನ ಈ ಹೆಣ್ಣುಮಕ್ಕಳೇ ಅಲ್ಲಿಗೆ ಹೋಗಿ ಅಲ್ಲಿಯವರಿಗೆ ಅನುಭವ ಹೇಳಿಕೊಟ್ಟರು.

ಕಥೆ ಅಲ್ಲಿಗೇ ನಿಲ್ಲಲಿಲ್ಲ. ಮರಾಠವಾಡಕ್ಕೆ ಬರದ ಮೇಲೆ ಬರ ಬಂದಾಗ ಇದೇ ಸಂಸ್ಥೆ ಮಹಿಳೆಯರ ಜೊತೆ 'ಒಂದು ಎಕರೆ ಮಾದರಿ' ಬೆಳೆಸಿತು. ಮನೆಯ ಜಮೀನಿನಲ್ಲಿ ಅರ್ಧ ಅಥವಾ ಒಂದು ಎಕರೆಯನ್ನು ಮಹಿಳೆ ತನ್ನ ನಿರ್ಧಾರಕ್ಕೆ ಕೇಳಿ ಪಡೆದು, ಕಾಳು, ಧಾನ್ಯ, ತರಕಾರಿಯನ್ನು ಮಿಶ್ರವಾಗಿ, ಮನೆಯ ಗೊಬ್ಬರದಲ್ಲಿ ಬೆಳೆಯುವುದು. 2016ರಲ್ಲಿ ಈ ಸಂಸ್ಥೆಗೆ ವಿಶ್ವಸಂಸ್ಥೆ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು. ಗೋಡೆಯ ಬಿರುಕು ನೋಡಲು ಕಟ್ಟಿದ ಸಂಘಟನೆ ಕೊನೆಗೆ ಹೊಲಕ್ಕೂ ದಾರಿ ಮಾಡಿತು. ನೆರವು ಮುಗಿದ ಮೇಲೂ ಊರಲ್ಲಿ ಏನು ಉಳಿಯುತ್ತದೆ ಎಂದು ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ.

ಕಚ್ಛ್‌ನಲ್ಲಿ ಹೆಚ್ಚಿನ ಕುಟುಂಬಗಳು ಹಣವನ್ನು ಕಂತಿನಲ್ಲಿ ಪಡೆದು ತಮ್ಮ ಮನೆ ತಾವೇ ಕಟ್ಟಿಸಿಕೊಂಡವು. ಒಂದು ಹಂತ ಸರಿಯಾಗಿದೆ ಎಂದು ಇಂಜಿನಿಯರ್ ನೋಡಿದ ಮೇಲೆ ಮುಂದಿನ ಕಂತು. ಇದರಲ್ಲಿ ಅಂಗಳ, ಕೊಟ್ಟಿಗೆ ಎಲ್ಲಿ ಬೇಕು ಅಂತ ಮನೆಯವರೇ ತೀರ್ಮಾನಿಸಬಹುದು. ಅಲ್ಲಿನ ಸಾಂಪ್ರದಾಯಿಕ ದುಂಡನೆಯ 'ಭುಂಗಾ' ಮನೆಗಳು ಚೆನ್ನಾಗಿಯೇ ತಡೆದುಕೊಂಡವು. ಹಳೆಯದೆಲ್ಲ ಕೆಟ್ಟದ್ದಲ್ಲ, ಆಕಾರ ಮತ್ತು ಭಾರ ಸರಿ ಇರಬೇಕು.

ಈಗಲೇ ಮಾಡಬೇಕಾದ ಕೆಲಸ

1. ಮಾಳಿಗೆಯ ಭಾರ ಇಳಿಸಿ. ಹಳೆಯ ಮಣ್ಣು ತೆಗೆಸಿ, ಗಟ್ಟಿ ಪ್ಲಾಸ್ಟಿಕ್ ಹಾಳೆ ಹಾಸಿ, ಮುಕ್ಕಾಲು ಅಡಿಯೊಳಗೆ ಮಣ್ಣು ಹಾಕಿ. ತೆಗೆದ ಮಣ್ಣನ್ನು ಗೋಡೆಗೆ ಒತ್ತಿ ಸುರಿಯಬೇಡಿ.

2. ಗೋಡೆ ಕಟ್ಟಿಸುವಾಗ ಒಳಮೈಯಿಂದ ಹೊರಮೈವರೆಗೆ ಹಾಯುವ ಉದ್ದ ಕಲ್ಲು ಇಡಿಸಿ: ಅಡ್ಡಕ್ಕೆ 4 ಅಡಿಗೊಂದು, ಎತ್ತರಕ್ಕೆ 2 ಅಡಿಗೊಂದು. ಹಳೆಯ ಗೋಡೆಯಾದರೆ ತೂತು ಮಾಡಿ, ಕಬ್ಬಿಣದ ಸರಳು ಇಟ್ಟು ಕಾಂಕ್ರೀಟ್ ತುಂಬಿಸಬಹುದು. ಇದನ್ನು ತಿಳಿದ ಇಂಜಿನಿಯರ್ ನೋಡಿಕೊಂಡೇ ಮಾಡಿಸಿ. ಒಮ್ಮೆಗೇ ಹತ್ತು ತೂತು ಹೊಡೆದರೆ ಗೋಡೆಯೇ ಬಂದೀತು.

3. ಕಂಬ ಮತ್ತು ತೊಲೆ ಸೇರುವ ಮೂಲೆಗೆ ಓರೆಯಾಗಿ ಮರದ ಆನಿಕೆ ಕೊಡಿಸಿ. ಹೊಸ ಮನೆಗೆ ಬಾಗಿಲ ಮೇಲಿನ ಮಟ್ಟದಲ್ಲಿ ಸುತ್ತಲೂ ಕಾಂಕ್ರೀಟ್ ಪಟ್ಟಿ ತಪ್ಪಿಸಬೇಡಿ. ಬಾಗಿಲು, ಕಿಟಕಿಯನ್ನು ಮೂಲೆಗೆ ಒತ್ತಿ ಇಡಬೇಡಿ.

4. ಬಿತ್ತನೆ ಬೀಜವನ್ನು ಒಂದೇ ಕೋಣೆಯಲ್ಲಿ ಇಡಬೇಡಿ. ಅರ್ಧ ಮನೆಯಲ್ಲಿ, ಅರ್ಧ ಹೊಲದ ಶೆಡ್ಡಿನಲ್ಲಿ ಅಥವಾ ನಂಬಿಕೆಯ ನೆಂಟರಲ್ಲಿರಲಿ.

5. ದನಗಳನ್ನು ಕಲ್ಲಿನ ಗೋಡೆಯ ಪಕ್ಕ ಕಟ್ಟುವ ಬದಲು ಹಗುರ ಛಾವಣಿಯ ತೆರೆದ ಕೊಟ್ಟಿಗೆಯಲ್ಲಿ ಕಟ್ಟಿ. ಹಗ್ಗ ತಕ್ಷಣ ಬಿಚ್ಚುವಂತಿರಲಿ. ಕಿವಿಗೆ ಓಲೆ ಹಾಕಿಸಿ, ಫೋಟೋ ತೆಗೆದಿಡಿ.

6. ಪಹಣಿ, ಆಧಾರ್, ಬ್ಯಾಂಕ್ ಪುಸ್ತಕದ ಪ್ರತಿಯನ್ನು ಮನೆಯಿಂದ ಹೊರಗೆ ಇನ್ನೊಂದು ಕಡೆ ಇಡಿ. ತೀರಿಕೊಂಡ ಅಜ್ಜನ ಹೆಸರಲ್ಲೇ ಪಹಣಿ ಇದ್ದರೆ ಪೌತಿ ಖಾತೆ ಮಾಡಿಸಿ. ಕಿಲ್ಲಾರಿಯಲ್ಲಿ ಮನೆಯ ಅಳತೆಯೇ ಜಮೀನಿನ ಮೇಲೆ ನಿಂತಿತ್ತು, ಮರೆಯಬೇಡಿ.

ಪರಿಹಾರದ ಲೆಕ್ಕ

ವಿಪತ್ತು ಪರಿಹಾರದ 2022-26ರ ಕೇಂದ್ರ ಮಾರ್ಗಸೂಚಿಯಲ್ಲಿ, ಬಯಲುಸೀಮೆಯಲ್ಲಿ ಪೂರ್ತಿ ಬಿದ್ದ ಮನೆಗೆ 1,20,000 ರೂ., ಹಾಲು ಕೊಡುವ ಹಸು-ಎಮ್ಮೆಗೆ 37,500 ರೂ., ಎತ್ತಿಗೆ 32,000 ರೂ., ಕುರಿ-ಮೇಕೆಗೆ 4,000 ರೂ. ಇದೆ. ಮನೆಗೆ ಅಂಟಿದ ಕೊಟ್ಟಿಗೆಗೆ? 3,000 ರೂಪಾಯಿ. ನಾಲ್ಕು ತಗಡಿಗೂ ಸಾಲದ ಮೊತ್ತ. ಆದ್ದರಿಂದ ದೇಣಿಗೆ ಕೊಡುವ ಸಂಘ-ಸಂಸ್ಥೆ, ಮಠ, ಸಹಕಾರ ಸಂಘದವರಿಗೆ ನನ್ನದೊಂದು ಮನವಿ: ಸರ್ಕಾರ ಮನೆ ಕಟ್ಟುವ ಕಡೆ ನೀವೂ ಮನೆಯನ್ನೇ ಕಟ್ಟಬೇಡಿ. ಕೊಟ್ಟಿಗೆ, ಮೇವು, ಬೀಜ, ಕೂರಿಗೆ ಕೊಡಿ. ರೈತ ಎದ್ದು ನಿಲ್ಲುವುದು ಅಲ್ಲಿಂದ.

ಪ್ರಾಣಿ ಸತ್ತರೆ ಮಣ್ಣು ಮಾಡುವ ಮುನ್ನ ಪಶುವೈದ್ಯರಿಂದ ಬರೆಸಿಕೊಳ್ಳಿ, ಫೋಟೋ ತೆಗೆಯಿರಿ. ಪರಿಹಾರದ ಪಟ್ಟಿ ತಯಾರಾದಾಗ ಅದನ್ನು ಗ್ರಾಮಸಭೆಯಲ್ಲಿ ಓದಿಸಿ. ಪಾಲಿಗೆ ಮಾಡುವವರ, ಕೂಲಿಕಾರರ, ಒಂಟಿ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗಿದೆಯೇ ಅಂತ ಎಲ್ಲರ ಮುಂದೆ ನೋಡಿ.

ಈ ಬೇಸಿಗೆಯಲ್ಲಿ, ಮಳೆ ಶುರುವಾಗುವ ಮೊದಲು, ಮಾಳಿಗೆ ಹತ್ತಿ ಒಂದು ಮೂಲೆಯಲ್ಲಿ ಸಣ್ಣ ಗುಂಡಿ ತೋಡಿ, ಮಣ್ಣು ಎಷ್ಟು ದಪ್ಪ ಇದೆ ಎಂದು ಅಳೆದು ನೋಡಿ. ಒಂದು ಅಡಿ ದಾಟಿದ್ದರೆ ಈ ವರ್ಷ ಹೊಸ ಮಣ್ಣು ಹಾಕುವ ಮಾತು ಬೇಡ, ಹಳೆಯದನ್ನು ಇಳಿಸುವ ಕೆಲಸ ಹಿಡಿಯಿರಿ.