ಪಕ್ಕೆಯ ಮೇಲಿನ ಗೆರೆಯೆಲ್ಲ ಸರ್ಪಸುತ್ತಲ್ಲ

ಪ್ರಶ್ನೆ: ಡಾಕ್ಟ್ರೇ, ನನಗೆ 42 ವರ್ಷ. ಎರಡು ತಿಂಗಳಿಂದ ಬಲಪಕ್ಕೆಯಲ್ಲಿ ಕೆಂಪು ಗುಳ್ಳೆಗಳು ಸಾಲುಗಟ್ಟಿ, ಬೆನ್ನಿಂದ ಹೊಟ್ಟೆಯ ಕಡೆಗೆ ಡೊಂಕಾಗಿ ಹರಡಿವೆ. ತುರಿಕೆ ವಿಪರೀತ, ನೋವಿಲ್ಲ. ನಮ್ಮತ್ತೆ ‘ಸರ್ಪಸುತ್ತು, ತಲೆ-ಬಾಲ ಕೂಡಿದರೆ ಜೀವಕ್ಕೇ ಕುತ್ತು’ ಎಂದು ಕೆಮ್ಮಣ್ಣು ಹಚ್ಚಿಸಿದರು. ಮೆಡಿಕಲ್ ಶಾಪಿನ ಟ್ಯೂಬ್ ಹಚ್ಚಿದರೆ ತಗ್ಗುತ್ತದೆ, ಬಿಟ್ಟರೆ ಮತ್ತೆ ಏಳುತ್ತದೆ. ಮಕ್ಕಳಿಗೂ ಅಂಟೀತೆಂದು ಭಯ.
– ಓದುಗರು, ಬಿಳಿಚೋಡು, ಜಗಳೂರು ತಾಲ್ಲೂಕು

ಉತ್ತರ: ಅಮ್ಮಾ, ಮೊದಲು ಜೀವಭಯ ಬಿಡಿ. ಸರ್ಪಸುತ್ತಿಗೆ ಕಾರಣ ಚಿಕನ್‌ಪಾಕ್ಸ್‌ ವೈರಸ್. ನರದಲ್ಲಿ ಅಡಗಿದ್ದು ವರ್ಷಗಳ ನಂತರ ಏಳುತ್ತದೆ. ಸಾಮಾನ್ಯವಾಗಿ ಮೈಯ ಒಂದೇ ಮಗ್ಗುಲಲ್ಲಿ, ನಡುಗೆರೆಯವರೆಗೆ ಬಂದು ನಿಲ್ಲುತ್ತದೆ. ತಲೆ-ಬಾಲ ಕೂಡುವ ಮಾತಿಗೆ ಆಧಾರವಿಲ್ಲ. ಸರ್ಪಸುತ್ತಿನಲ್ಲಿ ಹೆಚ್ಚಾಗಿ ಮೊದಲು ಉರಿನೋವು, ಆಮೇಲೆ ಗೊಂಚಲು ಗೊಂಚಲಾಗಿ ನೀರುಗುಳ್ಳೆ. ಎರಡು-ಮೂರು ವಾರಕ್ಕೆ ಹೊಪ್ಪಳೆ ಕಟ್ಟಿ ಒಣಗುತ್ತದೆ. ನೋವಿಲ್ಲದೆ ಎರಡು ತಿಂಗಳು ತುರಿಸುವ ನಿಮ್ಮ ಗೆರೆ ಆ ಜಾತಿಯದಲ್ಲ ಎನಿಸುತ್ತದೆ.

ಚರ್ಮದಲ್ಲಿ ನರದ ದಾರಿಯಲ್ಲದ ಇನ್ನೊಂದು ದಾರಿಯೂ ಇದೆ. ಗರ್ಭದಲ್ಲಿ ಚರ್ಮದ ಕಣಗಳು ಬೆಳೆಯುತ್ತ ಸಾಗಿದ ಜಾಡು ಅದು. ಬರ್ಲಿನ್ನಿನ ವೈದ್ಯ ಆಲ್ಫ್ರೆಡ್ ಬ್ಲಾಶ್ಕೊ 1901ರಲ್ಲಿ ಅದನ್ನು ಗುರುತಿಸಿ ಚಿತ್ರಿಸಿದರು. ಪಕ್ಕೆಯಲ್ಲಿ ಅದು ಡೊಂಕಾಗಿ ಬಾಗುತ್ತದೆ, ಕೈಕಾಲಿನಲ್ಲಿ ಉದ್ದಕ್ಕೆ ಇಳಿಯುತ್ತದೆ. ಈ ಜಾಡು ಹಿಡಿಯುವ ಉರಿಯೂತಗಳು ಹಲವು, ನೋಟಕ್ಕೆ ಅಣ್ಣತಮ್ಮಂದಿರಂತೆ.

ದೊಡ್ಡವರ ಹೊಟ್ಟೆ-ಬೆನ್ನಿನಲ್ಲಿ ತುರಿಸುವ ಗುಳ್ಳೆಗಳ ಪಟ್ಟಿಗಳೆದ್ದು, ಕೆಲವು ವಾರ-ತಿಂಗಳಲ್ಲಿ ಹೋಗಿ, ಮರುಕಳಿಸುತ್ತಿದ್ದರೆ ಬ್ಲಾಶ್ಕೈಟಿಸ್ ಇರಬಹುದು. ಲೈಕೆನ್ ಸ್ಟ್ರಯೇಟಸ್ ಹೆಚ್ಚಾಗಿ ಮಕ್ಕಳದು: ಕೈಯಲ್ಲೋ ಕಾಲಲ್ಲೋ ಒಂದೇ ಪಟ್ಟಿ, ತುರಿಕೆ ಕಡಿಮೆ, ತಾನಾಗಿಯೇ ಮಾಯುತ್ತದೆ, ಬಿಳಿಚಿದ ಗುರುತು ಉಳಿಯಬಹುದು. ಗುಳ್ಳೆಯ ನೆತ್ತಿ ಚಪ್ಪಟೆಯಾಗಿ ನೇರಳೆ ಬಣ್ಣವಿದ್ದು, ಮಾಯ್ದ ಮೇಲೆ ಕಪ್ಪು ಕಲೆ ಉಳಿದರೆ ಲೈಕೆನ್ ಪ್ಲಾನಸ್. ಕೆನ್ನೆಯ ಒಳಗೆ ಬಿಳಿ ಬಲೆಯಂಥ ಗೆರೆಗಳಿವೆಯೇ, ಕನ್ನಡಿಯಲ್ಲಿ ನೋಡಿಕೊಳ್ಳಿ. ಬೆಳ್ಳಿಯಂತೆ ಹೊಳೆಯುವ ಹೊಟ್ಟು ಉದುರಿದರೆ ಸೋರಿಯಾಸಿಸ್ ಅನುಮಾನ. ಉಗುರಿನಲ್ಲಿ ಸಣ್ಣ ಕುಳಿಗಳೂ ಬೀಳಬಹುದು. ಚಿಕ್ಕಂದಿನಿಂದಲೇ ಇರುವ ಒರಟು, ತುರಿಸುವ ಪಟ್ಟಿ ಬೇರೆಯೇ, ಅದು ಹುಟ್ಟುಮಚ್ಚೆಯ ಜಾತಿ. ಇವು ಯಾವುವೂ ಮಕ್ಕಳಿಗೆ ಅಂಟುವುದಿಲ್ಲ.

ನಿಮ್ಮದು ಬ್ಲಾಶ್ಕೈಟಿಸ್ ಇರಬಹುದೆಂದು ಕಾಗದ ಓದಿ ಅನಿಸಿತು, ಆದರೆ ನೋಡದೆ ಹೆಸರಿಡಲಾರೆ. ಕೆಮ್ಮಣ್ಣು ನಿಲ್ಲಿಸಿ. ಆ ಟ್ಯೂಬಿನಲ್ಲಿ ಸ್ಟೀರಾಯ್ಡ್ ಇದ್ದರೆ ತುರಿಕೆ ತಗ್ಗುತ್ತದೆ, ಜೊತೆಗೆ ರೋಗದ ಚಹರೆಯೂ ಮಾಸುತ್ತದೆ. ವೈದ್ಯರು ಹೇಳದೆ ಹಚ್ಚುತ್ತಲೇ ಇದ್ದರೆ ಚರ್ಮ ತೆಳುವಾಗಬಹುದು. ಇವತ್ತೇ ಬೆಳಕಿನಲ್ಲಿ ಫೋಟೊ ತೆಗೆಸಿಟ್ಟುಕೊಳ್ಳಿ. ಜಗಳೂರು ತಾಲ್ಲೂಕು ಆಸ್ಪತ್ರೆಯಲ್ಲೋ ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆಯಲ್ಲೋ ತೋರಿಸಿ, ಹಚ್ಚಿದ ಟ್ಯೂಬನ್ನೂ ಒಯ್ಯಿರಿ. ಅನುಮಾನ ಉಳಿದರೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಮೂರ್ನಾಲ್ಕು ಮಿಲಿಮೀಟರಿನಷ್ಟು ಚರ್ಮ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಬೇಡವೆನ್ನಬೇಡಿ.

ಓದುವ ಎಲ್ಲರಿಗೂ ಒಂದು ಮಾತು: ಉರಿನೋವಿನೊಂದಿಗೆ ನೀರುಗುಳ್ಳೆ ಎದ್ದರೆ ಮಣ್ಣು, ಮಂತ್ರ ಎಂದು ಕಾಲ ಕಳೆಯಬೇಡಿ. ಸರ್ಪಸುತ್ತಿನ ಔಷಧಿ 72 ಗಂಟೆಯೊಳಗೆ ಶುರುವಾದರೆ ಗುಣ ಹೆಚ್ಚು. ಹಣೆ, ಮೂಗು, ಕಣ್ಣಿನ ಬಳಿ ಎದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ, ತಡವಾದರೆ ದೃಷ್ಟಿಗೇ ಅಪಾಯ.